ಊರಲ್ಲೇ ಇದೆ ಸಂಗೀತದ ಸುಗ್ಗಿ: ಆಳಂದ, ಅಫಜಲಪುರ, ಜೇವರ್ಗಿಯ ಕೇಳುಗರಿಗೆ ಕೆಲವು ಸೂತ್ರಗಳು

ಡಿಸೆಂಬರ್ ಬಂತೆಂದರೆ ಚೆನ್ನೈಯಲ್ಲಿ ಕಛೇರಿಗಳ ಸಾಲು. 1928ರಲ್ಲಿ ಶುರುವಾದ ಮ್ಯೂಸಿಕ್ ಅಕಾಡೆಮಿಯಿಂದ ಹಿಡಿದು ಓಣಿಯ ಸಣ್ಣ ಸಭೆಯವರೆಗೆ ಎಲ್ಲೆಲ್ಲೂ ಹಾಡು. ಬೆಂಗಳೂರಿಗೆ ರಾಮನವಮಿಯೇ ಸಂಗೀತದ ಹಬ್ಬ; ಚಾಮರಾಜಪೇಟೆಯ ರಾಮಸೇವಾ ಮಂಡಳಿ 1939ರಿಂದ ಅದಕ್ಕೆಂದೇ ಚಪ್ಪರ ಹಾಕುತ್ತಿದೆ. ಇದನ್ನೆಲ್ಲ ಪತ್ರಿಕೆಯಲ್ಲಿ ಓದುವ ನಮ್ಮ ಕಲಬುರಗಿ ಜಿಲ್ಲೆಯವರು "ನಮ್ಮ ಕಡಿ ಏನದ್ರಿ?" ಎಂದು ನಿಟ್ಟುಸಿರು ಬಿಡುತ್ತಾರೆ.

ಅದ. ಬೇಕಾದಷ್ಟು ಅದ. ಟಿಕೆಟ್ಟು, ಹವಾನಿಯಂತ್ರಿತ ಸಭಾಂಗಣ, ಬಣ್ಣದ ಕಾರ್ಯಕ್ರಮ ಪಟ್ಟಿ ಇಲ್ಲ, ಅಷ್ಟೇ. ನಮ್ಮ ಋತು ಮಠದ ಪಡಸಾಲೆ, ಗುಡಿಯ ಕಟ್ಟೆ, ದರ್ಗಾದ ಅಂಗಳ, ಜಾತ್ರೆಯ ಪೆಂಡಾಲುಗಳಲ್ಲಿ ಚೆದುರಿ ಹೋಗಿದೆ. ಅದನ್ನು ಕೂಡಿಸಿಕೊಳ್ಳುವ ಕೆಲಸ ಕೇಳುಗನದು. ಮಾಡುವ ಬಗೆ ಹೀಗೆ.

1. ಪಂಚಾಂಗವನ್ನೇ ಕಾರ್ಯಕ್ರಮ ಪಟ್ಟಿ ಮಾಡಿಕೊಳ್ಳಿ

ಗೋಡೆಯ ಕ್ಯಾಲೆಂಡರ್ ತೆಗೆದು ಕೆಂಪು ಪೆನ್ನಿನಿಂದ ಗುರುತು ಹಾಕಿ. ಶ್ರಾವಣ ಮಾಸವಿಡೀ ಊರೂರಿನಲ್ಲಿ ಪುರಾಣ. ಮಾರ್ಗಶಿರ ಹುಣ್ಣಿಮೆಗೆ ಗಾಣಗಾಪುರದಲ್ಲಿ ದತ್ತ ಜಯಂತಿ. ಪುಷ್ಯ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ. ಹೋಳಿ ಹುಣ್ಣಿಮೆಯ ಐದನೇ ದಿನಕ್ಕೆ ಕಲಬುರಗಿ ಶರಣಬಸವೇಶ್ವರರ ತೇರು. ಉರುಸು ಮತ್ತು ಮೊಹರಂ ಹಿಜರಿ ಚಂದ್ರಮಾನದ ಲೆಕ್ಕದವು, ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಮುಂಚೆ ಸರಿಯುತ್ತವೆ. ಅವನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ. ಉಳಿದ ಸಣ್ಣ ಜಾತ್ರೆಗಳ ತಾರೀಖು ನಿಮ್ಮ ಮನೆಯ ಹಿರಿಯರ ಬಾಯಲ್ಲೇ ಇರುತ್ತದೆ, ಕೇಳಿ ತಿಳಿಯಿರಿ.

ರೈತ ಕುಟುಂಬದವರಾದರೆ ತೊಗರಿಯ ರಾಶಿಯನ್ನೂ ಲೆಕ್ಕ ಹಿಡಿಯಿರಿ. ಡಿಸೆಂಬರ್-ಜನವರಿಯಲ್ಲಿ ಹೊಲ ಬಿಟ್ಟು ಏಳುವುದು ಕಷ್ಟ. ಆ ಎರಡು ತಿಂಗಳಲ್ಲಿ ಹತ್ತು ಕಾರ್ಯಕ್ರಮಕ್ಕೆ ಓಡುವ ಬದಲು ಒಂದನ್ನೇ ಆರಿಸಿ, ಕೊನೆಯ ತನಕ ಕೂತು ಕೇಳಿ.

2. ಪುರಾಣಕ್ಕೆ ಹೋಗಿ, ಗವಾಯಿಯನ್ನು ಕೇಳಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಸೂತ್ರ. ನಮ್ಮ ಭಾಗದ ಪುರಾಣ ಬರೀ ಪ್ರವಚನವಲ್ಲ. ಒಂದು ಕಡೆ ಪ್ರವಚನಕಾರರು, ಇನ್ನೊಂದು ಕಡೆ ಪೇಟಿ ಹಿಡಿದ ಗವಾಯಿ, ಅವರ ಪಕ್ಕದಲ್ಲಿ ತಬಲಾದವರು. ಶರಣರ ಕತೆ ಒಂದು ಘಟ್ಟಕ್ಕೆ ಬಂದು ನಿಂತಾಗ ಗವಾಯಿ ಒಂದು ವಚನ ಎತ್ತಿಕೊಳ್ಳುತ್ತಾರೆ. ಭೀಮಪಲಾಸಿಯೋ, ಬಾಗೇಶ್ರೀಯೋ, ಜೋಗಿಯಾವೋ ಒಳಗೆ ಬರುವುದು ಆಗಲೇ. ಇಪ್ಪತ್ತೊಂದು ದಿನ ಅಥವಾ ಒಂದು ತಿಂಗಳು, ದಿನಾ ಸಂಜೆ, ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಪುಕ್ಕಟೆಯಾಗಿ ಶಾಸ್ತ್ರೀಯ ರಾಗಗಳು ಕಿವಿಗೆ ಬೀಳುವ ಇಂಥ ಏರ್ಪಾಡು ಮಹಾನಗರದ ಯಾವ ಸಭೆಯಲ್ಲೂ ಇಲ್ಲ.

ಹೀಗೆ ಹಾಡುವವರಲ್ಲಿ ಅನೇಕರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಇಲ್ಲವೇ ಅಲ್ಲಿ ಕಲಿತವರ ಬಳಿ ಕಲಿತವರು. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ದೀಪ ಆರದಂತೆ ಕಾಯ್ದರು. ಅಲ್ಲಿಂದ ಹೊರಬಿದ್ದವರಲ್ಲಿ ಎಲ್ಲರೂ ದೊಡ್ಡ ವೇದಿಕೆ ಏರಲಿಲ್ಲ. ಬಹಳ ಮಂದಿ ಇಂಥ ಪುರಾಣದ ಕಟ್ಟೆಗಳಲ್ಲಿ ಹಾಡುತ್ತ ಬದುಕು ಕಟ್ಟಿಕೊಂಡರು. ಆದ್ದರಿಂದ ಕತೆ ನಡೆಯುವಾಗ ಮೊಬೈಲ್ ನೋಡಿದರೂ ಪರವಾಗಿಲ್ಲ, ಪೇಟಿಯ ಸ್ವರ ಕೇಳಿದ ಕೂಡಲೇ ಅದನ್ನು ಕಿಸೆಗೆ ಹಾಕಿ. (ಪ್ರವಚನಕಾರರು ಕ್ಷಮಿಸಬೇಕು.)

3. ಕರ್ನಾಟಕಿಯೋ ಹಿಂದೂಸ್ತಾನಿಯೋ ಎಂಬ ಜಗಳಕ್ಕೆ ಇಳಿಯಬೇಡಿ

"ಕನ್ನಡ ನಾಡಿನವರಾಗಿ ಕರ್ನಾಟಕ ಸಂಗೀತ ಕೇಳುವುದಿಲ್ಲವಲ್ಲ" ಎಂದು ಮೈಸೂರು ಕಡೆಯ ನೆಂಟರು ಒಮ್ಮೊಮ್ಮೆ ಚುಚ್ಚುತ್ತಾರೆ. ಭೀಮಾ ತೀರದ ನಮಗೆ ಹಿಂದೂಸ್ತಾನಿಯೇ ಮನೆಯ ಸಂಗೀತ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಈ ಎರಡರ ನಡುವೆ ನಾವು ಅಂದುಕೊಂಡಷ್ಟು ಎತ್ತರದ ಗೋಡೆಯೂ ಇಲ್ಲ. ಪಂಚಾಕ್ಷರಿ ಗವಾಯಿಗಳು ಎರಡೂ ಪದ್ಧತಿಗಳಲ್ಲಿ ಪಳಗಿದವರು, ಉಭಯಗಾನ ವಿಶಾರದರು. ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಮಿರಜಕರರ ಬಳಿ ಹೋಗುವ ಮುಂಚೆ ಅಪ್ಪಯ್ಯಸ್ವಾಮಿಗಳ ಹತ್ತಿರ ಕಲಿತದ್ದು ಕರ್ನಾಟಕ ಸಂಗೀತವನ್ನು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೈಸೂರಿಗೆ ಹೋಗಿ ಬಂದವರು, ತ್ಯಾಗರಾಜರ ಕೃತಿಯನ್ನು ಧ್ವನಿಮುದ್ರಿಸಿದವರು. ಅವರ ಸರಗಮ್‌ನಲ್ಲಿ ದಕ್ಷಿಣದ ಛಾಯೆ ಕಾಣುತ್ತದೆ. ಹಂಸಧ್ವನಿ, ಕೀರವಾಣಿ, ಚಾರುಕೇಶಿ, ಆಭೋಗಿ ತೆಂಕಣದಿಂದ ಬಡಗಣಕ್ಕೆ ನಡೆದು ಬಂದ ರಾಗಗಳು. ಹಂಸಧ್ವನಿಯಂತೂ ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ಕಟ್ಟಿದ್ದು. ಇಂದು ನಮ್ಮ ಗಣೇಶನ ಪೆಂಡಾಲಿನಲ್ಲೂ ಕೇಳಿಬರುತ್ತದೆ.

ದಾಸರ ಪದಗಳಂತೂ ಎರಡೂ ಕಡೆಯ ಆಸ್ತಿ. ಸರಳಿ ವರಸೆಯಿಂದ ಪಾಠ ಶುರುಮಾಡುವ ಕರ್ನಾಟಕ ಸಂಗೀತದ ಮಕ್ಕಳೆಲ್ಲ ಪುರಂದರದಾಸರನ್ನೇ ಪಿತಾಮಹ ಎನ್ನುತ್ತಾರೆ. ಭೀಮಸೇನ ಜೋಶಿಯವರು ಅದೇ ದಾಸರನ್ನು ಕಿರಾಣಾ ಶೈಲಿಯಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದರು. ಅದಿರಲಿ, ದಾಸರ ಸೀಮೆ ನಮಗೇನು ದೂರವೇ? ಜಗನ್ನಾಥದಾಸರ ಮಾನ್ವಿ ಪಕ್ಕದ ರಾಯಚೂರು ಜಿಲ್ಲೆಯಲ್ಲಿದೆ, ಜಯತೀರ್ಥರ ಮಳಖೇಡ ನಮ್ಮ ಜಿಲ್ಲೆಯಲ್ಲೇ ಇದೆ. ಅಪ್ಪಟ ಕರ್ನಾಟಕ ಶೈಲಿಯ ಹಾಡನ್ನು ನಮ್ಮ ಸೀಮೆಯಲ್ಲೇ ಕೇಳಬೇಕೆಂಬ ಹಟವಿದ್ದರೆ ಆರಾಧನೆಯ ದಿನಗಳಲ್ಲಿ ಮಠಗಳ ಕಡೆ ಕಾಲು ಹಾಕಿ.

4. ರಾಗಗಳ ಜೋಡಿ ಹೆಸರು ಕಲಿಯಿರಿ

ಸಣ್ಣ ಕೆಲಸ, ದೊಡ್ಡ ಲಾಭ. ನಮ್ಮ ಹಿಂದೂಸ್ತಾನಿಯ ಭೂಪವೇ ಕರ್ನಾಟಕ ಸಂಗೀತದವರ ಮೋಹನ. ಯಮನ್‌ಗೆ ತೀರಾ ಹತ್ತಿರದ್ದು ಕಲ್ಯಾಣಿ. ದುರ್ಗಾಕ್ಕೆ ಶುದ್ಧ ಸಾವೇರಿ, ಬಿಲಾವಲ್‌ಗೆ ಶಂಕರಾಭರಣ, ಭೈರವ್‌ಗೆ ಮಾಯಾಮಾಳವಗೌಳ. ಮೋಸ ಹೋಗುವ ಜಾಗಗಳೂ ಇವೆ: ಮಾಲಕಂಸ ಅಲ್ಲಿ ಹಿಂದೋಳ, ಆದರೆ ನಮ್ಮ ಹಿಂದೋಲ್ ಬೇರೆಯೇ ರಾಗ. ಅವರ ತೋಡಿಯ ಸ್ವರಗಳು ನಮ್ಮ ಭೈರವಿಯವು. ನಮ್ಮ ತೋಡಿಯ ಸ್ವರ ಅವರ ಶುಭಪಂತುವರಾಳಿಯಲ್ಲಿದೆ. ಸ್ವರ ಒಂದೇ ಆದರೂ ನಡೆ ಬೇರೆ ಎಂಬುದನ್ನು ಮರೆಯಬೇಡಿ. ಈ ಏಳೆಂಟು ಜೋಡಿ ಬಾಯಿಗೆ ಬಂದರೆ ಬೆಂಗಳೂರಿನ ಮಗಳ ಮನೆಗೆ ಹೋದಾಗ ಕಛೇರಿಯಲ್ಲಿ ಮೂಕರಾಗಿ ಕೂಡಬೇಕಿಲ್ಲ.

5. ತಾಳ ಕೈಯಲ್ಲಿ ಇರಲಿ

ರಾಗ ತಿಳಿಯದಿದ್ದರೂ ತಾಳ ಹಿಡಿದವನಿಗೆ ಬೇಸರ ಬರುವುದಿಲ್ಲ. ತೀನತಾಲಕ್ಕೆ ಹದಿನಾರು ಮಾತ್ರೆ: ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ, ಒಂಬತ್ತಕ್ಕೆ ಕೈ ಬೀಸು. ಆದಿತಾಳಕ್ಕೆ ಎಂಟು ಎಣಿಕೆ: ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಎರಡು ಸಲ ಪೆಟ್ಟು-ಬೀಸು. ಭಜನೆಯ ಕೆಹರವಾ ನಿಮಗೆ ಹುಟ್ಟಿನಿಂದಲೇ ಗೊತ್ತು. ಗಾಯಕ ಎಲ್ಲೆಲ್ಲೋ ಸುತ್ತಾಡಿ ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಕೂತಾಗ ನಿಮ್ಮ ಕೈಯೂ ಅಲ್ಲೇ ಬಿದ್ದರೆ, ಆ ಖುಷಿಯೊಂದೇ ಸಾಕು ನಾಳೆ ಮತ್ತೆ ಬರಲು. ತೊಡೆಯ ಮೇಲೆ ಮೆಲ್ಲಗೆ ಹಾಕಿ. ಮುಂದಿನವನ ಬೆನ್ನಿನ ಮೇಲಲ್ಲ.

6. ಕಾರ್ಡಿನ ಮೇಲಿನ ಸಮಯ ನಂಬಬೇಡಿ

ಆರು ಗಂಟೆ ಎಂದಿದ್ದರೆ ಪ್ರಾರ್ಥನೆಗೆ ಏಳು. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಅಧ್ಯಕ್ಷೀಯ ನುಡಿ, ತಡವಾಗಿ ಬಂದ ಮುಖಂಡರಿಗೆ ಮತ್ತೊಂದು ಸನ್ಮಾನ. ಗಾಯಕರಿಗೆ ಸಿಗುವುದು ಮಿಕ್ಕ ಚೂರುಪಾರು ಸಮಯ. ಸಂಘಟಕರಿಗೆ ನೇರವಾಗಿ ಫೋನ್ ಮಾಡಿ "ಹಾಡು ಎಷ್ಟಕ್ಕ ಸುರು?" ಎಂದು ಕೇಳಿ. ಹತ್ತು ಜನ ಹೀಗೆ ಕೇಳಿದರೆ ಮುಂದಿನ ವರ್ಷ ಭಾಷಣ ತಾನಾಗಿ ಚಿಕ್ಕದಾಗುತ್ತದೆ.

7. ನಡುರಾತ್ರಿ ದಾಟಿದ ಮೇಲೂ ಕೂಡಿ

ಹಿಂದೂಸ್ತಾನಿಯಲ್ಲಿ ರಾಗಕ್ಕೊಂದು ಹೊತ್ತು. ನಗರದ ಸಭಾಂಗಣ ಒಂಬತ್ತೂವರೆಗೆ ಬೀಗ ಹಾಕುತ್ತದೆ. ಅಲ್ಲಿನ ಕೇಳುಗರಿಗೆ ಸಿಗುವುದು ಸಂಜೆಯ ಯಮನ್, ಪೂರಿಯಾ, ಮಾರವಾ ಇಷ್ಟೇ. ಮಾಲಕಂಸ, ದರಬಾರಿ, ಲಲಿತ್, ಭಟಿಯಾರ್ ಅವರಿಗೆ ಧ್ವನಿಮುದ್ರಿಕೆಯಲ್ಲಷ್ಟೇ. ಜಾತ್ರೆಯ ಅಹೋರಾತ್ರಿ ಸಂಗೀತ, ಶಿವರಾತ್ರಿಯ ಜಾಗರಣೆ, ಸದ್ಗುರುಗಳ ಪುಣ್ಯತಿಥಿಯ ಭಜನೆ ಇರುವ ನಮ್ಮಲ್ಲಿ ರಾತ್ರಿಯ ಮೂರನೇ ಜಾವದ ರಾಗ ಮೂರನೇ ಜಾವದಲ್ಲೇ ಕೇಳಲು ಸಿಗುತ್ತದೆ. ಈ ಭಾಗ್ಯವನ್ನು ನಾವು ಹಾಳು ಮಾಡಿಕೊಳ್ಳುತ್ತಿರುವುದು ಹನ್ನೊಂದಕ್ಕೇ ಎದ್ದು ಹೋಗುವುದರಿಂದ.

ತಯಾರಿ ಬೇಕು. ಮಧ್ಯಾಹ್ನ ಒಂದು ನಿದ್ದೆ ತೆಗೆಯಿರಿ. ದಾಸೋಹದ ಹುಗ್ಗಿ ಎಷ್ಟೇ ಕರೆದರೂ ಅರ್ಧ ಹೊಟ್ಟೆ ಉಣ್ಣಿ. ತುಂಬಿದ ಹೊಟ್ಟೆಯಲ್ಲಿ ವಿಲಂಬಿತ ಕೇಳಿದವರು ಎಚ್ಚರವಿದ್ದದ್ದನ್ನು ನಾನು ನೋಡಿಲ್ಲ. ಚಳಿಗಾಲವಾದರೆ ಕೌದಿ, ಬೇಸಗೆಯಾದರೆ ನೀರಿನ ಬಾಟಲಿ. ಹಗಲು ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ರಾತ್ರಿಯ ಬಯಲೇ ಒಳ್ಳೆಯ ಸಭಾಂಗಣ. ಕೊನೆಯ ಬಸ್ಸಿನ ಚಿಂತೆ ಬೇಡ. ಬೆಳಗಿನ ಮೊದಲ ಬಸ್ಸಿಗೆ ಬಂದರಾಯಿತು, ಭೈರವಿ ಮುಗಿಯುವುದೂ ಆ ಹೊತ್ತಿಗೇ.

8. ಕಡಕೋಳಕ್ಕೆ ಒಮ್ಮೆ ಹೋಗಿಬನ್ನಿ

ಹಳೆಯ ಜೇವರ್ಗಿ ತಾಲೂಕು, ಈಗಿನ ಯಡ್ರಾಮಿಯ ಕಡಕೋಳ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿದ ಮಡಿವಾಳಪ್ಪನವರು ಮಠ-ಜಾತಿಗಳ ಕಟ್ಟನ್ನು ಎದುರುಹಾಕಿಕೊಂಡು, ಅಲೆದು, ಕಡೆಗೆ ನೆಲೆ ನಿಂತದ್ದು ಇಲ್ಲಿ. ಅವರ ತತ್ವಪದಗಳು ಇಂದಿಗೂ ಕಾಗದಕ್ಕಿಂತ ಹೆಚ್ಚಾಗಿ ಕೊರಳಲ್ಲಿ ಬದುಕಿವೆ. ಶಿಷ್ಯರ ಸಾಲು ನೋಡಿ: ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ, ಕಡ್ಲೇವಾಡ ಸಿದ್ಧಪ್ಪ. ಹೆಸರಿನ ಜೊತೆ ಊರು ಅಂಟಿಕೊಂಡಿರುವುದರಿಂದ ಈ ಸೀಮೆಯ ನಕಾಶೆಯೇ ಒಂದು ಗುರುಪರಂಪರೆಯಾಗಿ ಓದಿಸಿಕೊಳ್ಳುತ್ತದೆ.

ಸಭಾಂಗಣದ ಕಿವಿ ಹೊತ್ತು ಇಲ್ಲಿಗೆ ಹೋಗಬೇಡಿ. ಏಕತಾರಿ, ತಾಳ, ದಮ್ಮಡಿ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ತಾನ್, ಆಲಾಪಗಳ ಸಡಗರವಿಲ್ಲ. ಸ್ವರ ಪದದ ಬೆನ್ನು ಹತ್ತಿ ಹೋಗುತ್ತದೆ. ಬೆಡಗಿನ ಮಾತು ಮೊದಲ ಸಲಕ್ಕೆ ಅರ್ಥವಾಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಪಕ್ಕದಲ್ಲಿ ಕೂತ ಮುದುಕರನ್ನು ಕೇಳಿ. ಅವರು ಹೇಳುವ ಅರ್ಥ ಪುಸ್ತಕದಲ್ಲಿಲ್ಲದ್ದು, ಒಬ್ಬೊಬ್ಬರದು ಒಂದೊಂದು. ಅದರ ಮೇಲೆ ನಡೆಯುವ ವಾದವೂ ಕಾರ್ಯಕ್ರಮದ ಭಾಗವೇ. ಹೀಗೆ ಕೇಳಿ ಬಂದವರಿಗೆ ಮನ್ಸೂರರು, ಸಿದ್ಧರಾಮ ಜಂಬಲದಿನ್ನಿಯವರು ವಚನಗಳನ್ನು ಹಿಂದೂಸ್ತಾನಿ ರಾಗದಲ್ಲಿ ಹಾಡಿದ್ದು ಎಂಥ ಕೆಲಸ ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ. ರಾಗ ಅಲ್ಲಿ ಮೆರೆಯುತ್ತದೆ, ಆದರೆ ಮಾತನ್ನು ನುಂಗುವುದಿಲ್ಲ.

ಅದೇ ದಾರಿಯಲ್ಲಿ ಅರಳಗುಂಡಗಿಯೂ ಇದೆ, ಶರಣಬಸವೇಶ್ವರರು ಹುಟ್ಟಿದ ಊರು. 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಆ ಶರಣರ ಕತೆಯೇ ಊರೂರಿನ ಶ್ರಾವಣ ಪುರಾಣಗಳಲ್ಲಿ ಮತ್ತೆ ಮತ್ತೆ ಬರುವುದು.

9. ಪಕ್ಕದ ಮನೆಯ ಸಂಗೀತಕ್ಕೂ ಕಿವಿ ಕೊಡಿ

ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ, ಭೀಮೆಯನ್ನು ಸೇರುವ ಜಾಗ ದೇವಲ ಗಾಣಗಾಪುರ. ನರಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗೆ ಮಹಾರಾಷ್ಟ್ರದಿಂದ ಜನ ಬರುವುದರಿಂದ ಇಲ್ಲಿ ಮರಾಠಿ ಅಭಂಗ, ಕನ್ನಡ ಪದ ಎರಡೂ ಒಂದೇ ಪಲ್ಲಕ್ಕಿಯ ಮುಂದೆ ನಡೆಯುತ್ತವೆ. ಗುರುವಾರದ ಗದ್ದಲ ತಪ್ಪಿಸಿ ಬೇರೆ ವಾರ ಹೋದರೆ ಕೇಳುವುದು ಸುಲಭ. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇದೆ. ಉರುಸಿನ ಕವ್ವಾಲಿಗೆ ಎಲ್ಲ ಜಾತಿಯ ಕೇಳುಗರೂ ಕೂಡುತ್ತಾರೆ. ಕವ್ವಾಲಿಯ ಚಪ್ಪಾಳೆಯ ಲಯ ಹಿಡಿದವರಿಗೆ ಖಯಾಲಿನ ದ್ರುತ್ ಲಯ ಹೊಸದೆನಿಸುವುದಿಲ್ಲ. ಮೊಹರಂನಲ್ಲಿ ಕನ್ನಡದಲ್ಲೇ ಹಾಡುವ ರಿವಾಯತ್ ಪದಗಳಿಗೆ ಕಾರ್ಡು ಅಚ್ಚಾಗುವುದಿಲ್ಲ. ಹಲಗೆಯ ಸಪ್ಪಳ ಕೇಳಿದತ್ತ ನಡೆಯಿರಿ.

10. ಮೈಕಿನವನ ಜೊತೆ ಗೆಳೆತನ ಬೆಳೆಸಿ

ನಮ್ಮ ಕಡೆ ಸಂಗೀತ ಕೆಡುವುದು ಗಾಯಕರಿಂದಲ್ಲ, ಎಕೋದಿಂದ. ಪ್ರತಿ ಸ್ವರವೂ ನಾಲ್ಕು ಸಲ ಮರಳಿ ಬಂದರೆ ಮೀಂಡ್ ಏನು ಕೇಳೀತು? ಕಾರ್ಯಕ್ರಮ ಶುರುವಾಗುವ ಮುಂಚೆಯೇ ಒಂದು ಚಹಾ ಕುಡಿಸಿ "ಎಕೋ ತೆಗಿಯೋ ತಮ್ಮಾ, ತಬಲಾ ಸ್ವಲ್ಪ ಕಡಿಮಿ ಮಾಡು, ತಂಬೂರಿ ಕೇಳಲಿ" ಎಂದು ಹೇಳಿ. ನೀವು ಸ್ಪೀಕರಿನ ಮುಂದೆ ಕೂಡಬೇಡಿ, ವೇದಿಕೆಯ ಎದುರು ನಡುಭಾಗದಲ್ಲಿ ಕೂಡಿ. ತಬಲಾದವರು ಸುತ್ತಿಗೆ ಹಿಡಿದು ಶ್ರುತಿ ಮಾಡುವಾಗ ಸಿಳ್ಳೆ ಹಾಕುವ ಹುಡುಗರನ್ನು ಗದರಿಸುವ ಅಧಿಕಾರ ಪ್ರತಿ ಕೇಳುಗನಿಗೂ ಇದೆ.

11. ಕಾರ್ಯಕ್ರಮವಿಲ್ಲದ ದಿನ ರೇಡಿಯೋ

ಕಲಬುರಗಿ ಆಕಾಶವಾಣಿ ಇದ್ದೇ ಇದೆ. ಮಕ್ಕಳಿಗೆ ರಾಗ ಗುರುತಿಸುವ ಪಂದ್ಯ ಕಟ್ಟಿ. ಗೆದ್ದವರಿಗೆ ಒಂದು ಮಾಲದಿ ಉಂಡೆ. ಮಕ್ಕಳನ್ನು ಪೂರ್ತಿ ಕಛೇರಿಗೆ ಕಟ್ಟಿಹಾಕಬೇಡಿ, ಅರ್ಧ ಗಂಟೆ ಸಾಕು. ಕುಣಿದರೆ ಕುಣಿಯಲಿ.

12. ವರ್ಷಕ್ಕೊಮ್ಮೆ ಜೀಪು ಮಾಡಿ ಊರಾಚೆ ಹೋಗಿ

ಆಳಂದ ಮತ್ತು ಜೇವರ್ಗಿಯಿಂದ ಕಲಬುರಗಿಗೆ ಒಂದು ಗಂಟೆಯ ಹಾದಿ, ಅಫಜಲಪುರದವರಿಗೆ ಇನ್ನು ಸ್ವಲ್ಪ ಹೆಚ್ಚು. ಎಸ್. ಎಂ. ಪಂಡಿತ ರಂಗಮಂದಿರದ ಫಲಕದ ಮೇಲೆ ಕಣ್ಣಿರಲಿ. ಆರೇಳು ಮಂದಿ ಕೂಡಿದರೆ ಬಾಡಿಗೆ ಭಾರವಾಗುವುದಿಲ್ಲ, ತಿರುಗಿ ಬರುವಾಗ ವಾದ ಮಾಡಲು ಜನವೂ ಸಿಗುತ್ತಾರೆ. ಕೈಯಲ್ಲಿ ಕಾಸಿದ್ದರೆ ಡಿಸೆಂಬರಿನಲ್ಲಿ ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗಿ. ಕುಂದಗೋಳದ ಗುರುವಿನ ಹೆಸರಿನಲ್ಲಿ ಗದುಗಿನ ಸೀಮೆಯ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಹುಟ್ಟುಹಾಕಿದ ಹಬ್ಬ ಅದು. ಕನ್ನಡಿಗರು ಅಲ್ಲಿ ಅತಿಥಿಗಳಾಗಿ ಕೂಡಬೇಕಾಗಿಲ್ಲ.

13. ಶಾಲಿನ ಬದಲು ಸಂಭಾವನೆ, ಕಾರ್ಡಿನಲ್ಲಿ ಹೆಸರು

ಋತು ಮುಂದಿನ ವರ್ಷವೂ ಬರಬೇಕಾದರೆ ಹಾಡುವವರ ಮನೆಯಲ್ಲಿ ಒಲೆ ಉರಿಯಬೇಕು. ನಮ್ಮ ಮೂರೂ ತಾಲೂಕಿನ ಗವಾಯಿಗಳ ಮನೆಯಲ್ಲಿ ಹೊದೆಯಲು ಬೇಕಾದಷ್ಟು ಶಾಲುಗಳಿವೆ, ಪೇಟಿ ರಿಪೇರಿಗೆ ದುಡ್ಡಿಲ್ಲ. ಹಾರ, ಫಲಕ, ಶಾಲಿನ ಖರ್ಚನ್ನು ಲಕೋಟೆಗೆ ಹಾಕಿ. ಅರ್ಹ ವಯಸ್ಸಾದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವಿದೆ. ಅರ್ಜಿ ತುಂಬಿಕೊಡುವಷ್ಟು ಓದಿದವರು ಪ್ರತಿ ಊರಿನಲ್ಲೂ ಇದ್ದಾರೆ, ಅವರಲ್ಲಿ ನೀವೂ ಒಬ್ಬರು.

ಆಹ್ವಾನ ಪತ್ರಿಕೆ ನೋಡಿ: ಉಪಸ್ಥಿತಿ, ಸಮ್ಮುಖ, ಗೌರವಾನ್ವಿತ ಅತಿಥಿ ಎಂದು ಇಪ್ಪತ್ತು ಹೆಸರು ದಪ್ಪಕ್ಷರದಲ್ಲಿ. ಕೊನೆಯ ಸಾಲಿನಲ್ಲಿ "ಸಂಗೀತ ಸೇವೆ" ಎಂದು ಗವಾಯಿಯ ಹೆಸರು. ತಬಲಾದವರ ಹೆಸರು ಬಹಳ ಸಲ ಇರುವುದೇ ಇಲ್ಲ. ಈ ಶ್ರಾವಣದಲ್ಲಿ ನಿಮ್ಮೂರ ಪುರಾಣದ ಕಾರ್ಡು ಅಚ್ಚಿಗೆ ಹೋಗುವ ಮುಂಚೆ ಒಂದು ಸಲ ಸಂಘಟಕರ ಮನೆಗೆ ಹೋಗಿ. ಗವಾಯಿ, ತಬಲಾ, ತಾಳ, ತಂಬೂರಿ, ಎಲ್ಲರ ಹೆಸರೂ ಸರಿಯಾಗಿ ಬರೆಸಿ ಬನ್ನಿ.